ಆರೋಗ್ಯ ಸಂಪದ: ಮೈಯ ಹೊಸ್ತಿಲು ದಾಟುವ ಔಷಧಿಗಳು

ಮಾನವದೇಹದ ಅಂಗಗಳಲ್ಲಿ ಅತ್ಯಂತ ದೊಡ್ಡದು ಯಾವುದೆಂದು ಕೇಳಿದರೆ ಯಕೃತ್ತು ಎಂದೋ, ಶ್ವಾಸಕೋಶವೆಂದೋ ಉತ್ತರಿಸುವವರೇ ಹೆಚ್ಚು. ನಮ್ಮ ಕಣ್ಣೆದುರಿಗೇ ಇರುವ ಚರ್ಮವು ಒಂದು ಅಂಗವೆಂಬುದೇ ಹಲವರಿಗೆ ಹೊಳೆಯುವುದಿಲ್ಲ. ಬೆಳೆದ ವ್ಯಕ್ತಿಯ ಚರ್ಮವನ್ನು ಹರಡಿದರೆ ಅದು ಒಂದೂವರೆಯಿಂದ ಎರಡು ಚದರ ಮೀಟರಿನಷ್ಟು ವಿಸ್ತಾರವಾಗುತ್ತದೆ. ಬಿಸಿಲು, ಮಳೆ, ಧೂಳು, ಕ್ರಿಮಿ, ಮುಳ್ಳು ಮೊದಲಾದವನ್ನು ತಡೆದು ಒಳಗಿನ ಜೀವವನ್ನು ಕಾಪಾಡುವ ಕೋಟೆ ಇದು. ಆದರೆ ಈ ಕೋಟೆಗೂ ಬಾಗಿಲುಗಳಿವೆ. ಅವುಗಳ ಮೂಲಕ ಯಾವುದು ಒಳಗೆ ಹೋಗುತ್ತದೆ, ಯಾವುದು ಹೊರಗೇ ಉಳಿಯುತ್ತದೆ ಎಂಬುದನ್ನು ಅರಿಯುವುದೇ ಚರ್ಮಸಂಶೋಧನೆಯ ಒಂದು ಮುಖ್ಯ ಶಾಖೆಯಾಗಿದೆ. ಈ ಸಂಚಿಕೆಯಲ್ಲಿ ಆ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ಒಂದು ವಿಶೇಷವಿದೆ. ವೈದ್ಯರು ಕೊಡುವ ಮುಲಾಮಿಗೂ ‘ಔಷಧಿ’ ಎನ್ನುತ್ತೇವೆ. ಬೆಳೆಗೆ ಸಿಂಪಡಿಸುವ ಕೀಟನಾಶಕಕ್ಕೂ ‘ಔಷಧಿ’ ಎನ್ನುತ್ತೇವೆ. ‘ಇವತ್ತು ತೋಟಕ್ಕೆ ಔಷಧಿ ಹೊಡೆಯಬೇಕು’ ಎಂಬ ಮಾತು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯ ಯಾವ ಊರಿನಲ್ಲಿಯೂ ಕೇಳಿಬರುವಂಥದು. ಒಂದು ಗುಣಪಡಿಸುವುದು, ಇನ್ನೊಂದು ಕೊಲ್ಲುವುದು. ಹೆಸರು ಮಾತ್ರ ಒಂದೇ. ಸೋಜಿಗವೆಂದರೆ ನಮ್ಮ ಚರ್ಮವೂ ಈ ವಿಷಯದಲ್ಲಿ ನಮ್ಮ ಮಾತಿನಂತೆಯೇ ನಡೆದುಕೊಳ್ಳುತ್ತದೆ. ತನ್ನ ಮೇಲೆ ಬಿದ್ದ ದ್ರವ್ಯ ಹಿತವೋ ಅಹಿತವೋ ಎಂದು ಅದು ವಿಚಾರಿಸುವುದಿಲ್ಲ. ಶೀಶೆಯ ಮೇಲಿನ ಚೀಟಿಯನ್ನು ಓದುವುದಿಲ್ಲ. ಕಣದ ಗಾತ್ರವೆಷ್ಟು, ಅದು ಎಣ್ಣೆಯಲ್ಲಿ ಕರಗುವುದೋ ನೀರಿನಲ್ಲಿ ಕರಗುವುದೋ, ಎಷ್ಟು ಹೊತ್ತು ಅಂಟಿಕೊಂಡಿರುವುದು ಎಂಬ ಲೆಕ್ಕ ಮಾತ್ರವೇ ಅದಕ್ಕೆ ಗೊತ್ತು.

ಕೋಟೆಯ ಕಟ್ಟಡ

ಚರ್ಮದ ಎಲ್ಲಕ್ಕಿಂತ ಮೇಲಿನ ಪದರವು ಸತ್ತ ಕೋಶಗಳಿಂದಾದದ್ದು. ಇದನ್ನು ಶೃಂಗಪದರ ಎಂದು ಕರೆಯುವುದುಂಟು. ಅಂಗೈ ಅಂಗಾಲುಗಳನ್ನು ಬಿಟ್ಟರೆ ಉಳಿದೆಡೆ ಇದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದರಿಂದ ಎರಡು ಪಾಲು ಮಾತ್ರ. ವೃತ್ತಪತ್ರಿಕೆಯ ಹಾಳೆಗಿಂತಲೂ ಬಹಳ ತೆಳುವಾದುದು. ಆದರೂ ದೇಹದ ನೀರು ಆರಿಹೋಗದಂತೆ, ಹೊರಗಿನದು ಒಳಬಾರದಂತೆ ತಡೆಯುವ ಕೆಲಸದ ಬಹುಪಾಲನ್ನು ಈ ಪದರವೇ ಮಾಡುತ್ತದೆ. ಅಮೆರಿಕದ ಪೀಟರ್ ಇಲಿಯಾಸ್ ಎಂಬ ವಿಜ್ಞಾನಿ ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸಿದರು. ಸತ್ತ ಕೋಶಗಳು ಇಟ್ಟಿಗೆಗಳು. ಅವುಗಳ ನಡುವೆ ತುಂಬಿರುವ ಜಿಡ್ಡು ಪದಾರ್ಥಗಳೇ ಗಾರೆ. ಇಟ್ಟಿಗೆಯನ್ನು ಭೇದಿಸುವುದು ಕಷ್ಟ. ಒಳನುಗ್ಗುವ ದ್ರವ್ಯವು ಸಾಮಾನ್ಯವಾಗಿ ಗಾರೆಯ ಸಂದಿಗಳಲ್ಲಿ ಅಂಕುಡೊಂಕಾಗಿ ನುಸುಳಿಯೇ ಬರಬೇಕು.

ಗಾರೆ ಜಿಡ್ಡಿನದಾದ್ದರಿಂದ ಎಣ್ಣೆಯಲ್ಲಿ ಕರಗುವ ದ್ರವ್ಯಗಳಿಗೆ ದಾರಿ ಸುಲಭ. ಕಣ ಚಿಕ್ಕದಾಗಿರಬೇಕೆಂಬುದು ಇನ್ನೊಂದು ನಿಬಂಧನೆ. ಸುಮಾರು 500 ಡಾಲ್ಟನ್ ಅಣುತೂಕವನ್ನು ಮೀರಿದ ದ್ರವ್ಯಗಳು ಆರೋಗ್ಯವಂತ ಚರ್ಮವನ್ನು ದಾಟುವುದು ಅಪರೂಪವೆಂದು 2000ದಲ್ಲಿ ಪ್ರಕಟವಾದ ಒಂದು ಲೇಖನವು ಪ್ರತಿಪಾದಿಸಿತು. ಇನ್ಸುಲಿನ್ನಿನ ಅಣುತೂಕ ಐದು ಸಾವಿರಕ್ಕೂ ಮೇಲೆ. ಆದ್ದರಿಂದಲೇ ಅದನ್ನು ಮುಲಾಮಿನಂತೆ ಹಚ್ಚಲಾಗದು, ಸೂಜಿಯಿಂದಲೇ ಕೊಡಬೇಕು. ಆದರೆ ಹೊಗೆಸೊಪ್ಪಿನ ನಿಕೋಟಿನ್ ಚಿಕ್ಕ ಕಣ, ಜಿಡ್ಡಿನಲ್ಲಿಯೂ ಕರಗುವಂಥದು. ಅದು ಚರ್ಮದ ಮೂಲಕ ಲೀಲಾಜಾಲವಾಗಿ ಒಳಗಿಳಿಯುತ್ತದೆ. ಹಸಿ ಹೊಗೆಸೊಪ್ಪನ್ನು ಕೊಯ್ಯುವ ಕೂಲಿಯವರಿಗೆ ತಲೆಸುತ್ತು ವಾಂತಿಗಳಾಗುವುದೂ, ಬೀಡಿ ಸಿಗರೇಟು ಬಿಡಿಸಲು ನಿಕೋಟಿನ್ ಪಟ್ಟಿಯನ್ನು ತೋಳಿಗೆ ಅಂಟಿಸುವುದೂ ಒಂದೇ ಸತ್ಯದ ಎರಡು ಮುಖಗಳು. ಹೀಗೆ ಚರ್ಮದ ಮೂಲಕ ರಕ್ತಕ್ಕೆ ಔಷಧವನ್ನು ಕಳುಹಿಸುವ ಪಟ್ಟಿಗೆ ಅಮೆರಿಕದಲ್ಲಿ ಮೊದಲು ಅನುಮತಿ ದೊರೆತದ್ದು 1979ರಲ್ಲಿ. ಪ್ರಯಾಣದ ವಾಂತಿಯನ್ನು ತಡೆಯಲು ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿ ಅದು.

ಹಣೆಯೂ ಅಂಗಾಲೂ ಒಂದಲ್ಲ

ಸಂಶೋಧಕರು ಇದನ್ನೆಲ್ಲ ಹೇಗೆ ಕಂಡುಕೊಂಡರು? ಒಂದು ವಿಧಾನ ಬಹಳ ಸರಳವಾದುದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ರೋಗಿಯು ಒಪ್ಪಿ ಕೊಟ್ಟ ಚರ್ಮದ ತುಣುಕನ್ನು ಎರಡು ಗಾಜಿನ ಬಟ್ಟಲುಗಳ ನಡುವೆ ತೆರೆಯಂತೆ ಬಿಗಿಯುತ್ತಾರೆ. ಮೇಲಿನ ಬಟ್ಟಲಿನಲ್ಲಿ ಔಷಧ, ಕೆಳಗಿನದರಲ್ಲಿ ರಕ್ತವನ್ನು ಹೋಲುವ ಲವಣಜಲ. ಗಂಟೆಗೊಮ್ಮೆ ಕೆಳಗಿನ ನೀರನ್ನು ತೆಗೆದು ಎಷ್ಟು ಔಷಧ ಇಳಿದಿದೆಯೆಂದು ಅಳೆಯುತ್ತಾರೆ. 1970ರ ದಶಕದಲ್ಲಿ ಇದನ್ನು ರೂಢಿಗೆ ತಂದ ಥಾಮಸ್ ಫ್ರಾಂಜ್ ಅವರ ಹೆಸರಿನಿಂದಲೇ ಆ ಉಪಕರಣ ಪ್ರಸಿದ್ಧವಾಗಿದೆ. ಮನುಷ್ಯರ ಚರ್ಮ ಸಿಗದಿದ್ದಾಗ ಹಂದಿಯ ಕಿವಿಯ ಚರ್ಮವನ್ನು ಬಳಸುತ್ತಾರೆ. ನಮ್ಮ ಚರ್ಮಕ್ಕೆ ಅದು ಬಹಳ ಹತ್ತಿರವಾದುದು.

ಇನ್ನೊಂದು ವಿಧಾನವು ಜೀವಂತ ಮನುಷ್ಯರ ಮೇಲಿನದು. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಅಮೆರಿಕದ ವೈದ್ಯರು ಹೈಡ್ರೊಕಾರ್ಟಿಸೋನ್ ಔಷಧಕ್ಕೆ ವಿಕಿರಣಶೀಲ ಇಂಗಾಲದ ಗುರುತು ಹಾಕಿ, ದೇಹದ ಬೇರೆ ಬೇರೆ ಭಾಗಗಳಿಗೆ ಹಚ್ಚಿ, ಮೂತ್ರದಲ್ಲಿ ಎಷ್ಟು ಹೊರಬಂದಿತೆಂದು ಅಳೆದರು. ಮುಂಗೈಯ ಒಳಭಾಗದಲ್ಲಿ ಇಳಿದುದನ್ನು 1 ಎಂದು ಇಟ್ಟುಕೊಂಡರೆ, ಅಂಗಾಲಿನಲ್ಲಿ ಇಳಿದದ್ದು 0.14, ನೆತ್ತಿಯಲ್ಲಿ 3.5, ಹಣೆಯಲ್ಲಿ 6, ದವಡೆಯ ಮೂಲೆಯಲ್ಲಿ 13, ಪುರುಷರ ವೃಷಣಚೀಲದಲ್ಲಿ 42! ಒಂದೇ ದೇಹ, ಒಂದೇ ಔಷಧ. ಆದರೂ ಅಂಗಾಲಿಗೂ ಹಣೆಗೂ ನಲವತ್ತು ಪಟ್ಟಿಗಿಂತ ಹೆಚ್ಚಿನ ಅಂತರ.

1971ರಲ್ಲಿ ಇದೇ ರೀತಿ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಅಳೆದಾಗ, ಮುಂಗೈಗೆ ಹಚ್ಚಿದ್ದರಲ್ಲಿ ಶೇಕಡ 8.6ರಷ್ಟು ದೇಹದೊಳಗೆ ಹೋದರೆ, ಹಣೆಯಲ್ಲಿ ಶೇಕಡ 36, ಕಂಕುಳಲ್ಲಿ ಶೇಕಡ 64ರಷ್ಟು ಒಳಸೇರಿತು. ತೋಟದಲ್ಲಿ ಔಷಧಿ ಹೊಡೆಯುತ್ತಿರುವ ರೈತನು ಬೆವರಿದಾಗ ಏನು ಮಾಡುತ್ತಾನೆ? ಅದೇ ಕೈಯಿಂದಲೋ, ಹೆಗಲ ಮೇಲಿನ ಅದೇ ಟವೆಲಿನಿಂದಲೋ ಹಣೆ ಕತ್ತುಗಳನ್ನು ಒರೆಸಿಕೊಳ್ಳುತ್ತಾನೆ. ಬೆನ್ನಿಗೆ ಕಟ್ಟಿದ ಸ್ಪ್ರೇಯರ್ ಸೋರಿದರೆ ದ್ರವವು ಬೆನ್ನಿನಿಂದ ಇಳಿದು ತೊಡೆಯ ಸಂದಿಯನ್ನು ಸೇರುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡೆನೆಂಬ ಸಮಾಧಾನದಲ್ಲಿರುವಾಗಲೇ ವಿಷವು ಅತಿ ಸುಲಭದ ಬಾಗಿಲಿನಿಂದ ಒಳಬಂದಿರುತ್ತದೆ.

ರೇಷ್ಮೆಯ ಮನೆಗಳಲ್ಲಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಜೀವನಾಡಿ ರೇಷ್ಮೆ. ಹಿಪ್ಪುನೇರಳೆಯ ತೋಟದಿಂದ ಆರಂಭಿಸಿ ರಾಮನಗರದ ಗೂಡಿನ ಮಾರುಕಟ್ಟೆಯವರೆಗೆ, ಅಲ್ಲಿಂದ ನೂಲು ಬಿಚ್ಚುವ ಬೇಸಿನ್ನಿನವರೆಗೆ ಈ ಉದ್ಯೋಗದ ಪ್ರತಿ ಹಂತದಲ್ಲಿಯೂ ಮನುಷ್ಯರ ಕೈಯಿದೆ. ಅವುಗಳಲ್ಲಿ ಹೆಣ್ಣುಮಕ್ಕಳ ಕೈಗಳು ಬಹಳ. ಆ ಕೈಗಳಿಗೆ ಏನೇನು ತಾಗುತ್ತದೆ ಎಂಬುದನ್ನು ಒಂದಿಷ್ಟು ವಿಚಾರಿಸೋಣ.

ಪ್ರತಿ ಬೆಳೆಗೆ ಮುನ್ನ ಹುಳು ಸಾಕುವ ಮನೆಯನ್ನೂ, ತಟ್ಟೆ ಚಂದ್ರಿಕೆಗಳನ್ನೂ ಸೋಂಕುರಹಿತ ಮಾಡಬೇಕು. ಇಲ್ಲವಾದರೆ ಹಾಲುತೊಂಡೆ, ಸಪ್ಪೆ, ಗಂಟುರೋಗಗಳು ಬಂದು ಬೆಳೆಯೇ ನಾಶವಾದೀತು. ಇದಕ್ಕಾಗಿ ರೂಢಿಯಲ್ಲಿ ಬಂದದ್ದು ಶೇಕಡ 2ರ ಫಾರ್ಮಾಲಿನ್ ದ್ರಾವಣ, ಬ್ಲೀಚಿಂಗ್ ಪುಡಿ ಮತ್ತು ಸುಣ್ಣ. ಅಂಗಡಿಯಲ್ಲಿ ದೊರೆಯುವ ಫಾರ್ಮಾಲಿನ್ ಎಂದರೆ ಸುಮಾರು ಶೇಕಡ 37ರಿಂದ 40ರಷ್ಟು ಫಾರ್ಮಾಲ್ಡಿಹೈಡ್ ಇರುವ ದ್ರವ. ಅದನ್ನು ನೀರಿಗೆ ಬೆರೆಸುವ ಆ ಕೆಲವು ನಿಮಿಷಗಳೇ ಅತ್ಯಂತ ಅಪಾಯದವು. ಕಣ್ಣು ಮೂಗುಗಳು ಉರಿಯುವುದರಿಂದ ಅದರ ಆವಿಯ ಬಗೆಗೆ ಎಲ್ಲರಿಗೂ ಎಚ್ಚರವಿದೆ. ಚರ್ಮದ ಬಗೆಗೆ ಇಲ್ಲ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ತೀರ್ಮಾನಿಸಿತೆಂಬುದನ್ನೂ ಇಲ್ಲಿ ನೆನೆಯಬೇಕು.

ರಾಸಾಯನಿಕಗಳು ಚರ್ಮಕ್ಕೆ ಮಾಡುವ ಕೆಡುಕಿನಲ್ಲಿ ಎರಡು ಬಗೆಯಿದೆ. ಮೊದಲನೆಯದು ನೇರವಾದ ಉರಿತ. ಸುಣ್ಣ, ಸೋಡಾ, ಬ್ಲೀಚಿಂಗ್ ಪುಡಿ, ಬಟ್ಟೆ ಸೋಪು ಇವು ಗಾರೆಯ ಜಿಡ್ಡನ್ನು ಕರಗಿಸುತ್ತವೆ. ಗೋಡೆ ಬಿರುಕು ಬಿಡುತ್ತದೆ. ಇದು ಯಾರಿಗಾದರೂ ಆಗಬಹುದು. ಎಷ್ಟು ತಾಗಿತೋ ಅಷ್ಟು ಕೆಡುಕು. ಎರಡನೆಯದು ಅಲರ್ಜಿ. ಇದರ ರೀತಿಯೇ ಬೇರೆ. ಚಿಕ್ಕ ಕಣವೊಂದು ಚರ್ಮದೊಳಗಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದಲ್ಲಿರುವ ಕಾವಲು ಕೋಶಗಳು ಅದನ್ನು ಹಿಡಿದು ದುಗ್ಧಗ್ರಂಥಿಗೆ ಒಯ್ದು, ‘ಇವನು ಶತ್ರು’ ಎಂದು ಬಿಳಿ ರಕ್ತಕಣಗಳಿಗೆ ಪರಿಚಯಿಸುತ್ತವೆ. ಈ ಪಾಠಕ್ಕೆ ಸುಮಾರು ಎರಡು ವಾರ ಬೇಕು; ಆಗ ಹೊರಗೆ ಏನೂ ಕಾಣಿಸದು. ಪಾಠವೊಮ್ಮೆ ಆಯಿತೆಂದರೆ ಬಹುಮಟ್ಟಿಗೆ ಜೀವಮಾನವಿಡೀ ಮರೆಯದು. ಮುಂದೆ ಹನಿಯಷ್ಟು ತಾಗಿದರೂ ಒಂದೆರಡು ದಿನಗಳಲ್ಲಿ ಕೆಂಪು, ಗುಳ್ಳೆ, ತುರಿಕೆ, ನೀರೊಸರುವಿಕೆ ಕಾಣಿಸಿಕೊಳ್ಳುತ್ತವೆ. ಫಾರ್ಮಾಲಿನ್ ಈ ಎರಡೂ ಬಗೆಯ ಕೆಡುಕನ್ನು ಮಾಡಬಲ್ಲದು. ‘ಹತ್ತು ವರ್ಷದಿಂದ ಮುಟ್ಟುತ್ತಿದ್ದೇನೆ, ನನಗೇನೂ ಆಗಿಲ್ಲ’ ಎಂಬ ಮಾತು ಮೊದಲನೆಯ ಬಗೆಗೆ ಒಂದಿಷ್ಟು ಒಪ್ಪಬಹುದು, ಎರಡನೆಯದಕ್ಕೆ ಸಲ್ಲದು. ಹನ್ನೊಂದನೆಯ ವರ್ಷದಲ್ಲಿಯೂ ಅದು ಆರಂಭವಾಗಬಹುದು.

ನೂಲು ಬಿಚ್ಚುವವರ ಕಷ್ಟ ಇನ್ನೊಂದು ತೆರನಾದುದು. ದಿನವಿಡೀ ಬೆರಳುಗಳು ಬಿಸಿನೀರಿನಲ್ಲಿ. ನೀರು ನಿರಪಾಯವೆಂದು ನಾವು ಭಾವಿಸುತ್ತೇವೆ. ಆದರೆ ಬಹುಕಾಲ ನೀರಿನಲ್ಲಿ ನೆನೆದ ಶೃಂಗಪದರವು ಉಬ್ಬಿ, ಬಿಳಚಿ, ಗಾರೆ ಸಡಿಲಗೊಂಡು, ತನ್ನ ತಡೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಗೂಡಿನಿಂದ ಬಿಟ್ಟ ಅಂಟು, ಸತ್ತ ಕೋಶದ ಹುಳುವಿನ ಕೊಳೆ, ಬ್ಯಾಕ್ಟೀರಿಯಾ ಎಲ್ಲಕ್ಕೂ ಆಗ ಬಾಗಿಲು ತೆರೆದಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಅವರ ಸಹೋದ್ಯೋಗಿಗಳು ರೇಷ್ಮೆ ನೂಲು ಕಾರ್ಖಾನೆಗಳ ಕಾರ್ಮಿಕರಲ್ಲಿ ಕಂಡುಬರುವ ಉಬ್ಬಸವನ್ನು ಕುರಿತು ನಡೆಸಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ರೇಷ್ಮೆಯ ಪ್ರೋಟೀನು ಅಲರ್ಜಿಯನ್ನು ಉಂಟುಮಾಡಬಲ್ಲದೆಂಬುದು ಹೀಗೆ ನಮ್ಮ ನಾಡಿನ ಪ್ರಯೋಗಶಾಲೆಯಿಂದಲೇ ತಿಳಿದುಬಂದ ಸಂಗತಿ. ಮದುವೆಯ ಸೀರೆಯ ನಯವಾದ ನೂಲಿನ ಹಿಂದೆ ಬಿರಿದ ಬೆರಳುಗಳಿವೆ ಎಂಬುದನ್ನು ಉಡುವವರೂ ಅರಿತಿರುವುದು ಲೇಸು.

ಹಿಪ್ಪುನೇರಳೆಯ ಎಲೆಸುರುಳಿ ಹುಳುವಿಗೆ ಬಹುಕಾಲ ಹೊಡೆಯುತ್ತಿದ್ದ ಡೈಕ್ಲೋರ್ವಾಸ್ ಕೂಡ ಚರ್ಮದ ಮೂಲಕ ಒಳಸೇರುವ ಜಾತಿಯದೇ. ಕೇಂದ್ರ ಸರ್ಕಾರವು 2018ರಲ್ಲಿ ಹೊರಡಿಸಿದ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದರ ಬಳಕೆ ನಿಂತಿದೆ. ಅಟ್ಟದ ಮೇಲೆ ಹಳೆಯ ಶೀಶೆ ಉಳಿದಿದ್ದರೆ ಅದನ್ನು ಬಳಸಲಾಗದು, ಮಕ್ಕಳ ಕೈಗೆ ಸಿಗುವಂತೆ ಇಡಲೂ ಆಗದು. ಕೃಷಿ ಇಲಾಖೆಯವರನ್ನು ಕೇಳಿ ವಿಲೇವಾರಿ ಮಾಡಬೇಕು. ಹಳ್ಳಕ್ಕೋ ಕೆರೆಗೋ ಸುರಿಯಬಾರದು.

ಗಿಡಗಳೂ ಬಿಟ್ಟಿಲ್ಲ

ರಾಸಾಯನಿಕವೆಂದರೆ ಕಾರ್ಖಾನೆಯಿಂದಲೇ ಬರಬೇಕೆಂದಿಲ್ಲ. ಮಾವಿನ ಸೊನೆ ತಾಗಿ ತುಟಿ ಕೆನ್ನೆಗಳು ಸುಟ್ಟಂತಾಗುವುದನ್ನು ಮಾವಿನ ತೋಪುಗಳ ಈ ಸೀಮೆಯಲ್ಲಿ ಕಾಣದವರಿಲ್ಲ. ಮಾವು, ಗೋಡಂಬಿಯ ಗೇರು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರು ಇವು ಮೂರೂ ಒಂದೇ ಕುಟುಂಬದ ಮರಗಳು. ಮೂರರ ರಸದಲ್ಲಿಯೂ ಚರ್ಮವನ್ನು ಕೆರಳಿಸುವ ದ್ರವ್ಯಗಳಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಕತ್ತಿನ ಮೇಲೆ ಬೊಕ್ಕೆಗಳೆದ್ದಾಗ, ಅಂಗಿಯ ಕಾಲರಿನ ಮೇಲಿದ್ದ ಅಗಸರ ಕೇರಿನ ಗುರುತೇ ಕಾರಣವೆಂದು ಅವರ ವೈದ್ಯರು ಕಂಡುಹಿಡಿದರು.

ಕರ್ನಾಟಕವನ್ನು ಇದಕ್ಕಿಂತ ಹೆಚ್ಚಾಗಿ ಕಾಡಿದ್ದು ಪಾರ್ಥೇನಿಯಂ, ನಮ್ಮ ರೈತರ ಬಾಯಲ್ಲಿ ಕಾಂಗ್ರೆಸ್ ಗಿಡ. 1950ರ ದಶಕದಲ್ಲಿ ಪುಣೆಯ ಬಳಿ ಗುರುತಿಸಲ್ಪಟ್ಟ ಈ ಪರದೇಶಿ ಕಳೆಯು 1970ರ ದಶಕದ ಹೊತ್ತಿಗೆ ಬೆಂಗಳೂರಿನ ಸುತ್ತಲೂ ಹಬ್ಬಿತು. 1975ರಲ್ಲಿ ಕರ್ನಾಟಕ ಸರ್ಕಾರವು ಇದನ್ನು ಪೀಡೆಯ ಕಳೆಯೆಂದು ಘೋಷಿಸಿತು. ಇದರಲ್ಲಿರುವ ಪಾರ್ಥೆನಿನ್ ಎಂಬ ದ್ರವ್ಯವು ಗಾಳಿಯಲ್ಲಿ ತೇಲುವ ಒಣಗಿದ ಪುಡಿಯ ಮೂಲಕವೂ ಚರ್ಮವನ್ನು ತಲಪುತ್ತದೆ. ಆದ್ದರಿಂದಲೇ ಇದರ ಇಸುಬು ರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳಲ್ಲಿ ಹೆಚ್ಚು. ಹೊಲದಲ್ಲಿ ದುಡಿಯುವ ಗಂಡಸರಲ್ಲಿ ಹೆಚ್ಚು. ಸುಬ್ಬರಾವ್ ಮತ್ತು ಸಂಗಡಿಗರು ಈ ಗಿಡದ ಸಂಪರ್ಕಕ್ಕೆ ಬಂದವರನ್ನು ಪರೀಕ್ಷಿಸಿ 1977ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. 1984ರಲ್ಲಿ ಈ ಗಿಡವನ್ನೇ ತಿಂದು ಬದುಕುವ ಮೆಕ್ಸಿಕೊ ದೇಶದ ಜೀರುಂಡೆಯೊಂದನ್ನು ಬೆಂಗಳೂರಿನ ಸುತ್ತ ಬಿಡಲಾಯಿತು. ಆದರೂ ಗಿಡ ಸಂಪೂರ್ಣ ತೊಲಗಲಿಲ್ಲ. ಹೂ ಬಿಡುವ ಮುನ್ನ, ಕೈಗವಸು ತೊಟ್ಟು, ಬೇರುಸಹಿತ ಕೀಳುವುದೇ ಇಂದಿಗೂ ಉತ್ತಮ ಉಪಾಯ.

ಯಾವ ವಸ್ತುವಿನಿಂದ ಅಲರ್ಜಿ ಎಂದು ನಿರ್ಧರಿಸುವ ಪ್ಯಾಚ್ ಪರೀಕ್ಷೆಯನ್ನು 1895ರಲ್ಲಿ ಯೋಸೆಫ್ ಯಾಡಾಸನ್ ಎಂಬ ವೈದ್ಯರು ಜಗತ್ತಿಗೆ ತೋರಿಸಿಕೊಟ್ಟರು. ಶಂಕಿತ ವಸ್ತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, ಎರಡು ದಿನಗಳ ಮೇಲೆ ಒಮ್ಮೆ, ನಾಲ್ಕನೆಯ ದಿನ ಮತ್ತೊಮ್ಮೆ ನೋಡುತ್ತಾರೆ. ನೂರಕ್ಕೂ ಹೆಚ್ಚು ವರ್ಷಗಳಾದರೂ ಇದನ್ನು ಮೀರಿಸುವ ಪರೀಕ್ಷೆ ಬಂದಿಲ್ಲ. ದೊಡ್ಡ ಆಸ್ಪತ್ರೆಗಳ ಚರ್ಮ ವಿಭಾಗಗಳಲ್ಲಿ ಇದು ದೊರೆಯುತ್ತದೆ. ವರ್ಷಗಟ್ಟಲೆ ಮುಲಾಮು ಹಚ್ಚಿ ಸೋತವರು ಒಮ್ಮೆ ಇದನ್ನು ಮಾಡಿಸಿಕೊಳ್ಳುವುದು ಮೇಲು. ಕಾರಣ ತಿಳಿಯದೆ ಮದ್ದು ಹಚ್ಚುವುದು ತೂತು ಮುಚ್ಚದೆ ಕೊಡಕ್ಕೆ ನೀರು ತುಂಬಿದಂತೆ.

ವಿಭೂತಿ, ಕುಂಕುಮ, ಕರಡಿಗೆ

ನಮ್ಮ ಮನೆಗಳಲ್ಲಿ ದಿನವೂ ಹಣೆಗೆ ಧರಿಸುವ ವಸ್ತುಗಳ ವಿಷಯವನ್ನೂ ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ವಿಭೂತಿಯು ಖನಿಜರೂಪದ ಬೂದಿ. ಅದರ ಕಣಗಳು ಜಿಡ್ಡಿನಲ್ಲಿ ಕರಗುವುದಿಲ್ಲವಾದ್ದರಿಂದ ಚರ್ಮದ ಗೋಡೆಯನ್ನು ದಾಟುವುದಿಲ್ಲ. ಸುಟ್ಟ ಬೂದಿಯಲ್ಲಿ ಸಹಜವಾಗಿಯೇ ಕ್ಷಾರಗುಣವಿರುತ್ತದೆ. ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಮೇಲಿನ ತಿಳಿಯನ್ನು ಚೆಲ್ಲಿ, ತಳದಲ್ಲಿ ನಿಂತದ್ದನ್ನು ಉಂಡೆಕಟ್ಟಿ ಒಣಗಿಸುವ ಹಿರಿಯರ ಕ್ರಮದಲ್ಲಿ ಆ ಕ್ಷಾರವು ನೀರಿನೊಡನೆ ಹೊರಟುಹೋಗುತ್ತದೆ. ಶುದ್ಧಿಯ ಆಚಾರವು ಇಲ್ಲಿ ರಸಾಯನಶಾಸ್ತ್ರವೂ ಆಗಿದೆ. ಸುವಾಸನೆ ಬೆರೆಸಿದ, ಸುಣ್ಣ ಸೇರಿಸಿದ ಅಗ್ಗದ ಸರಕಿಗೆ ಈ ಮಾತು ಅನ್ವಯಿಸದು. ಹಚ್ಚಿದ ಜಾಗದಲ್ಲಿ ತುರಿಕೆ ಬಂದರೆ ವಿಭೂತಿಯನ್ನು ದೂರದೆ, ಅದರಲ್ಲಿ ಬೆರೆತಿರುವುದೇನೆಂದು ವಿಚಾರಿಸಬೇಕು.

ಕುಂಕುಮದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅರಿಶಿನಕ್ಕೆ ಸುಣ್ಣದಂಥ ಕ್ಷಾರವನ್ನು ಸೇರಿಸಿ ಮನೆಯಲ್ಲಿ ಮಾಡುತ್ತಿದ್ದ ಕುಂಕುಮದ ಸ್ಥಾನದಲ್ಲಿ ಕೃತಕ ಬಣ್ಣಗಳು ಬಂದಿವೆ. ಅವುಗಳಲ್ಲಿ ಕೆಲವು ಅಲರ್ಜಿಕಾರಕಗಳು. ಹಣೆಯಲ್ಲಿ ಕಪ್ಪು ಕಲೆ ಉಳಿಸುತ್ತವೆ. ಅಂಟಿಸುವ ಬಿಂದಿಯ ಕೆಲವು ಅಂಟುಗಳಲ್ಲಿರುವ ರಾಸಾಯನಿಕವು ಬಣ್ಣ ಉತ್ಪಾದಿಸುವ ಕೋಶಗಳನ್ನೇ ಕೊಂದು ಬಿಳಿಯ ಮಚ್ಚೆ ಮಾಡಬಲ್ಲದೆಂದು 1980ರ ದಶಕದಲ್ಲಿಯೇ ನಮ್ಮ ದೇಶದ ಚರ್ಮವೈದ್ಯರು ವರದಿ ಮಾಡಿದ್ದಾರೆ. ಇದನ್ನು ತೊನ್ನು ಎಂದು ತಿಳಿದು ಹೆಣ್ಣಿನ ಮದುವೆಗೆ ಅಡ್ಡಿ ತಂದ ಮನೆತನಗಳು, ಅದು ಅಂಗಡಿಯ ಅಂಟು ಮಾಡಿದ ಕೆಲಸವಿರಬಹುದೆಂದು ಒಮ್ಮೆಯಾದರೂ ಯೋಚಿಸಬೇಕು. ತೊನ್ನೇ ಆಗಿದ್ದರೂ ಅದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ.

ಎದೆಯ ಮೇಲೆ ಧರಿಸುವ ಕರಡಿಗೆಯು ಅಪ್ಪಟ ಬೆಳ್ಳಿಯದಾದರೆ ಚಿಂತೆಯಿಲ್ಲ. ಜರ್ಮನ್ ಸಿಲ್ವರ್ ಎಂಬ ಲೋಹದಲ್ಲಿ ಹೆಸರಿಗೆ ಮಾತ್ರ ಬೆಳ್ಳಿ. ನಿಜವಾಗಿ ಇರುವುದು ತಾಮ್ರ, ಸತುವು ಮತ್ತು ನಿಕ್ಕಲ್. ಬೇಸಿಗೆಯ ಬೆವರಿನ ಉಪ್ಪಿಗೆ ನಿಕ್ಕಲ್ ಕರಗಿ ಚರ್ಮವನ್ನು ಸೇರುತ್ತದೆ. ಅಲರ್ಜಿ ತರುವ ಲೋಹಗಳಲ್ಲಿ ನಿಕ್ಕಲ್ಲಿಗೆ ಮೊದಲ ಸ್ಥಾನ. ಎಳೆಯ ಮಕ್ಕಳ ಕಿವಿ ಚುಚ್ಚಿಸುವಾಗಲೂ ಅಗ್ಗದ ಓಲೆಗಳನ್ನು ಬಿಟ್ಟು ಚಿನ್ನದ ಗುಂಜನ್ನಾದರೂ ಹಾಕಿಸುವ ಅಜ್ಜಿಯರ ಪದ್ಧತಿಯೇ ಯುಕ್ತವಾದುದು. ಕೂದಲಿಗೆ ಬಳಿಯುವ ಕಪ್ಪು ಬಣ್ಣದಲ್ಲಿಯೂ ಪ್ಯಾರಾಫೆನಿಲೀನ್ ಡೈಅಮೀನ್ ಎಂಬ ತೀವ್ರ ಅಲರ್ಜಿಕಾರಕವಿರುವುದುಂಟು. ಮೊಣಕೈಯ ಒಳಮಡಿಕೆಗೆ ಚುಕ್ಕೆಯಷ್ಟು ಹಚ್ಚಿ ಎರಡು ದಿನ ಕಾದು ನೋಡಿ ಬಳಸುವುದು ವಿವೇಕ.

ಬಿಳುಪಿನ ಮೋಹ

ಇನ್ನು ಔಷಧಿಯೆಂಬ ಹೆಸರಿಗೆ ನಿಜವಾಗಿ ಸಲ್ಲುವ ದ್ರವ್ಯವೇ ಮನೆಮನೆಯಲ್ಲಿ ಕೆಡುಕು ಮಾಡುತ್ತಿರುವ ಕಥೆ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಮೊದಲಾದ ಸ್ಟಿರಾಯ್ಡ್ ಮುಲಾಮುಗಳು ವೈದ್ಯರ ಕೈಯಲ್ಲಿ ಅಮೃತಸಮಾನ. ಅಂಗಡಿಯಲ್ಲಿ ಬಾಯಿಮಾತಿಗೆ ಕೊಂಡು ಮುಖಕ್ಕೆ ಬಳಿದಾಗ ಅವೇ ಮಾರಕ. ಮೊದಲ ವಾರ ಮುಖ ತಿಳಿಯಾಗಿ ಹೊಳೆಯುತ್ತದೆ; ಮೊಡವೆ ಅಡಗುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಬೇಡದ ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಬೆಂಕಿ ತಾಗಿದಂತಾಗುತ್ತದೆ. ಬಿಟ್ಟರೆ ಉರಿ ಇಮ್ಮಡಿಯಾಗುವುದರಿಂದ ಬಿಡಲೂ ಆಗದು. ಮುಖದ ಚರ್ಮವು ಮುಂಗೈಗಿಂತ ಆರು, ಹದಿಮೂರು ಪಟ್ಟು ಹೆಚ್ಚಾಗಿ ಹೀರುತ್ತದೆಂಬ ಮೇಲಿನ ಲೆಕ್ಕವನ್ನು ನೆನೆದರೆ ಇದರ ಕಾರಣ ತಾನೇ ಹೊಳೆಯುತ್ತದೆ.

ಹುಳುಕಡ್ಡಿಯ ಮೇಲೆ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚುವುದು ಇನ್ನೊಂದು ಅನರ್ಥ. ತುರಿಕೆ ಕೂಡಲೇ ಅಡಗುತ್ತದೆ. ಆದರೆ ಶಿಲೀಂಧ್ರವು ಸಾಯದೆ ಒಳಗೊಳಗೇ ಹಬ್ಬುತ್ತದೆ. ಸಾಮಾನ್ಯ ಔಷಧಕ್ಕೆ ಬಗ್ಗದ ಹುಳುಕಡ್ಡಿಯ ಒಂದು ಜಾತಿಗೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿಯೇ ನಮ್ಮ ದೇಶದ ಹೆಸರು ಸೇರಿದೆ: ಟ್ರೈಕೊಫೈಟಾನ್ ಇಂಡೋಟೀನಿಯೆ. ಇಂಥ ಕೀರ್ತಿ ನಮಗೆ ಬೇಕಿರಲಿಲ್ಲ. ಚರ್ಮವೈದ್ಯರ ಸಂಘದ ಸತತ ಒತ್ತಾಯದ ಬಳಿಕ 2018ರಲ್ಲಿ ಕೇಂದ್ರ ಸರ್ಕಾರವು 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಕಾಯಿದೆ ಬಂದಿದೆ, ಆದರೆ ಕೇಳುವವರು ಕೇಳುತ್ತಿರುವವರೆಗೆ ಕೊಡುವವರೂ ಇರುತ್ತಾರೆ. ಮಗಳು ಕಪ್ಪೆಂದು ಕೊರಗುವ ತಾಯಿ, ವಧುಪರೀಕ್ಷೆಯಲ್ಲಿ ಬಣ್ಣವನ್ನೇ ಮೊದಲು ನೋಡುವ ಬೀಗರು, ಇವರೆಲ್ಲ ಈ ಕೊಳವೆಯ ಮಾರಾಟಗಾರರೇ ಅಲ್ಲವೇ? ಮೈಬಣ್ಣದಿಂದ ಮನುಷ್ಯನ ಮೇಲುಕೀಳನ್ನು ಅಳೆಯುವುದು ಶರಣರ ಮಾರ್ಗದಲ್ಲಿ ನಡೆಯುವೆವೆನ್ನುವವರಿಗೆ ಶೋಭಿಸದು.

ಯಾರ ಚರ್ಮದ ಮೇಲೆ ಕಲಿತ ವಿದ್ಯೆ?

ಈ ವಿದ್ಯೆಯ ಇತಿಹಾಸದಲ್ಲಿ ಕಣ್ಣೀರಿನ ಪುಟಗಳೂ ಇವೆ. ಫ್ರಾನ್ಸ್ ದೇಶದಲ್ಲಿ 1972ರಲ್ಲಿ ಹಸುಳೆಗಳಿಗೆ ಹಚ್ಚುವ ಪೌಡರಿನಲ್ಲಿ ಹೆಕ್ಸಾಕ್ಲೋರೊಫೀನ್ ಎಂಬ ಕ್ರಿಮಿನಾಶಕವು ಪ್ರಮಾದವಶಾತ್ ಶೇಕಡ 6ಕ್ಕೂ ಹೆಚ್ಚು ಸೇರಿಹೋಗಿ, 204 ಮಂದಿ ಅಸ್ವಸ್ಥರಾಗಿ, 36 ಜನ ಮಡಿದರು, ಮಡಿದವರು ಮಕ್ಕಳು. ಬಾಯಿಗೆ ಹಾಕಿದ್ದಲ್ಲ, ಸೂಜಿಯಿಂದ ಕೊಟ್ಟದ್ದಲ್ಲ. ತಾಯಂದಿರು ಪ್ರೀತಿಯಿಂದ ಮೈಗೆ ಸವರಿದ ಪೌಡರು. 1996ರ ಆಗಸ್ಟಿನಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟ್ಟರ್‌ಹಾನ್ ಅವರ ಕೈಗವಸಿನ ಮೇಲೆ ಡೈಮಿಥೈಲ್ ಪಾದರಸದ ಹನಿಗಳು ಬಿದ್ದವು. ಗವಸನ್ನೂ ಚರ್ಮವನ್ನೂ ದಾಟಿದ ಆ ವಿಷಕ್ಕೆ ಅವರು 1997ರ ಜೂನಿನಲ್ಲಿ ಬಲಿಯಾದರು. ಎಲ್ಲ ಗವಸೂ ಎಲ್ಲ ವಿಷವನ್ನೂ ತಡೆಯುವುದಿಲ್ಲವೆಂಬ ಪಾಠವನ್ನು ಜಗತ್ತು ಅವರ ಜೀವದ ಬೆಲೆ ತೆತ್ತು ಕಲಿಯಿತು.

ಇವು ಆಕಸ್ಮಿಕಗಳು. ಆದರೆ ಫಿಲಡೆಲ್ಫಿಯಾ ನಗರದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ 1951ರಿಂದ 1974ರವರೆಗೆ ನಡೆದುದು ಆಕಸ್ಮಿಕವಲ್ಲ. ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಪ್ರಖ್ಯಾತ ಚರ್ಮವೈದ್ಯರು ಅಲ್ಲಿನ ಕೈದಿಗಳ ಬೆನ್ನಿನ ಮೇಲೆ ಅಲ್ಪ ಹಣಕ್ಕೆ ಬಗೆಬಗೆಯ ರಾಸಾಯನಿಕಗಳನ್ನು ಪರೀಕ್ಷಿಸಿದರು. ಡೈಆಕ್ಸಿನ್ನಿನಂಥ ಘೋರ ವಿಷವೂ ಅವುಗಳಲ್ಲಿತ್ತು. ಕೈದಿಗಳಲ್ಲಿ ಬಹುಮಂದಿ ಕರಿಯರು. ಮೊಡವೆಗೆ ಇಂದು ಲೋಕವೆಲ್ಲ ಬಳಸುವ ಟ್ರೆಟಿನೊಯಿನ್ ಔಷಧದ ಪರೀಕ್ಷೆಗಳಲ್ಲಿಯೂ ಆ ಕೈದಿಗಳ ಪಾಲಿದೆ. ಅದನ್ನು ಸ್ಟಿರಾಯ್ಡ್ ಮತ್ತು ಹೈಡ್ರೊಕ್ವಿನೋನಿನೊಡನೆ ಬೆರೆಸುವ ಸೂತ್ರವನ್ನು ಕ್ಲಿಗ್‌ಮನ್ 1975ರಲ್ಲಿ ಪ್ರಕಟಿಸಿದರು. ನಮ್ಮ ಊರಿನ ಹೆಣ್ಣುಮಕ್ಕಳು ಬೆಳ್ಳಗಾಗಲು ಕೊಳ್ಳುವ ಹಲವು ಮುಲಾಮುಗಳಲ್ಲಿರುವುದು ಇದೇ ಮೂರರ ಮಿಶ್ರಣ. ಆ ಸೆರೆಮನೆಯ ಪ್ರಯೋಗಗಳಿಗಾಗಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವೈದ್ಯವಿಭಾಗ 2021ರಲ್ಲಿ, ಫಿಲಡೆಲ್ಫಿಯಾ ನಗರವು 2022ರಲ್ಲಿ ಕ್ಷಮೆ ಯಾಚಿಸಿದವು.

ಮೂಕಪ್ರಾಣಿಗಳ ನೋವೂ ಕಡಿಮೆಯದಲ್ಲ. ಮೊಲಗಳ ಚರ್ಮಕ್ಕೂ ಕಣ್ಣಿಗೂ ರಾಸಾಯನಿಕ ಹಾಕಿ ನೋಡುವ ಪದ್ಧತಿ 1944ರಿಂದ ಜಗತ್ತಿನಾದ್ಯಂತ ನಡೆದುಬಂದಿತು. ಈಗ ಮಾನವಕೋಶಗಳನ್ನು ಬೆಳೆಸಿ ಪ್ರಯೋಗಶಾಲೆಯಲ್ಲಿಯೇ ಚರ್ಮದ ಪದರವನ್ನು ಸಿದ್ಧಪಡಿಸುವ ವಿದ್ಯೆ ಕೈಗೂಡಿದೆ. ಭಾರತವು ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲಿ ನಿಷೇಧಿಸಿತು. ಜ್ಞಾನವೂ ಪ್ರಾಣಿದಯೆಯೂ ಒಂದೇ ದಾರಿಯಲ್ಲಿ ನಡೆಯಬಲ್ಲವೆಂಬುದಕ್ಕೆ ಇದು ಸಂತೋಷದ ನಿದರ್ಶನ.

ಮನೆಯವರು ನೆನಪಿಡಬೇಕಾದವು

ಮೊದಲನೆಯದು, ಔಷಧಿ ಹೊಡೆಯುವಾಗ ಉದ್ದ ತೋಳಿನ ಅಂಗಿ, ಉದ್ದನೆಯ ರಬ್ಬರ್ ಗವಸು, ಮುಚ್ಚಿದ ಪಾದರಕ್ಷೆ ಇರಲಿ. ಬೆವರೊರೆಸಲು ಬೇರೆಯೇ ಬಟ್ಟೆಯನ್ನು ದೂರದಲ್ಲಿ ಇಟ್ಟಿರಬೇಕು. ಕೆಲಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಗಳನ್ನು ಮನೆಯ ಉಳಿದ ಬಟ್ಟೆಗಳಿಂದ ಪ್ರತ್ಯೇಕವಾಗಿ ಒಗೆಯಬೇಕು. ಒಗೆಯುವ ತಾಯಿಯ ಕೈಗೂ ಗವಸು ಬೇಕು.

ಎರಡನೆಯದು, ಮೈಮೇಲೆ ಕೀಟನಾಶಕ ಚೆಲ್ಲಿದರೆ ಬಟ್ಟೆಯನ್ನು ಆ ಕ್ಷಣವೇ ಕಳಚಿ, ಧಾರಾಳ ನೀರಿನಿಂದ ಸೋಪು ಹಚ್ಚಿ ತೊಳೆಯಬೇಕು. ಮನೆಗೆ ಹೋಗಿ ತೊಳೆದರಾಯಿತೆಂದು ತಡಮಾಡಬಾರದು. ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಕರಿಕೆ, ಕಣ್ಣು ಮಂಜಾಗುವುದು ಕಂಡುಬಂದರೆ ಶೀಶೆಯ ಸಮೇತ ಆಸ್ಪತ್ರೆಗೆ ಧಾವಿಸಬೇಕು.

ಮೂರನೆಯದು, ಬೇಸಿನ್ನಿನಲ್ಲಿಯೂ ಬಚ್ಚಲಿನಲ್ಲಿಯೂ ದುಡಿಯುವ ಕೈಗಳನ್ನು ಕೆಲಸದ ಬಳಿಕ ಶುದ್ಧನೀರಿನಲ್ಲಿ ತೊಳೆದು, ಬೆರಳ ಸಂದಿಗಳನ್ನು ಒಣಗಿಸಿ, ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಬೇಕು. ಕಳೆದುಹೋದ ಗಾರೆಯನ್ನು ತುಸುವಾದರೂ ತುಂಬಿಕೊಡುವ ಉಪಾಯವಿದು.

ನಾಲ್ಕನೆಯದು, ಹಸುಳೆಗಳ ಮೈಯ ತೂಕಕ್ಕೆ ಹೋಲಿಸಿದರೆ ಅವುಗಳ ಚರ್ಮದ ವಿಸ್ತಾರ ದೊಡ್ಡವರದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ದೊಡ್ಡವರ ಮುಲಾಮನ್ನು ‘ಸ್ವಲ್ಪವೇ ತಾನೆ’ ಎಂದು ಮಗುವಿಗೆ ಹಚ್ಚಬಾರದು. ಹಚ್ಚಿದ ಮೇಲೆ ಬಿಗಿಯಾಗಿ ಬಟ್ಟೆಯನ್ನೋ ಪ್ಲಾಸ್ಟಿಕ್ಕನ್ನೋ ಸುತ್ತಿದರೆ ಔಷಧ ಇನ್ನೂ ಹೆಚ್ಚಾಗಿ ಒಳಗಿಳಿಯುತ್ತದೆ.

ಐದನೆಯದು, ವೈದ್ಯರು ಮುಲಾಮು ಬರೆದುಕೊಟ್ಟಾಗ ಎಷ್ಟು ದಿನ, ಎಷ್ಟು ಪ್ರಮಾಣ ಎಂದು ಕೇಳಿ ತಿಳಿಯಬೇಕು. ತೋರುಬೆರಳಿನ ತುದಿಯ ಗೆಣ್ಣಿನುದ್ದ ಕೊಳವೆಯಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮು. ಬೆಳೆದವರ ಎರಡು ಅಂಗೈಯಗಲ ಜಾಗಕ್ಕೆ ಅಷ್ಟು ಸಾಕು. ನೆರೆಮನೆಯವರಿಗೆ ಗುಣವಾದ ಕೊಳವೆ ನಮಗೂ ಆದೀತೆಂಬ ಭ್ರಮೆ ಬೇಡ.

ಹೊಸ್ತಿಲನ್ನು ಪೂಜಿಸುವ ಸಂಸ್ಕೃತಿ ನಮ್ಮದು. ಮನೆಯೊಳಗೆ ಯಾರು ಬರಬೇಕು, ಯಾರು ಬರಬಾರದು ಎಂಬ ಎಚ್ಚರದ ಕುರುಹು ಅದು. ಮೈಗೂ ಅಂಥದೇ ಒಂದು ಹೊಸ್ತಿಲಿದೆ. ಕಾಯಕದಲ್ಲಿ ಅದು ಸವೆಯುವುದು ಅನಿವಾರ್ಯ. ಅಜ್ಞಾನದಿಂದ ಅದು ಮುರಿಯುವುದು ಅನಿವಾರ್ಯವಲ್ಲ. ದುಡಿಯುವ ಕೈಗಳಿಗೆ ಒಂದು ಜೊತೆ ಗವಸು ತಂದುಕೊಡುವುದೂ ದಾಸೋಹವೇ ಎಂದು ಭಾವಿಸಿ, ಈ ತಿಂಗಳು ಪ್ರತಿ ಮನೆಯ ಯಜಮಾನರು ಆ ಕೆಲಸವನ್ನು ಕೈಗೊಳ್ಳಲೆಂದು ಹಾರೈಸುತ್ತೇವೆ.